ಕ್ಯಾಸೆಟ್ಟಿನ ದನಿ, ರಸಮಂಜರಿಯ ವೇದಿಕೆ

ಕೆ.ಆರ್. ನಗರ ತಾಲ್ಲೂಕಿನ ಹೊಸ ಅಗ್ರಹಾರ ಹೋಬಳಿಯಲ್ಲಿಯೂ ಅದರ ಆಸುಪಾಸಿನ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಸೀಮೆಗಳಲ್ಲಿಯೂ ೧೯೮೦ರ ದಶಕದಲ್ಲಿ ಬೆಳೆದವರ ಪಾಲಿಗೆ ಸಿನಿಮಾ ಹಾಡು ಮೊದಲು ಬಂದದ್ದು ಹಾಡುವವರ ಬಾಯಿಂದಲ್ಲ. ಮೈಸೂರು ಆಕಾಶವಾಣಿಯಿಂದ, ಹೋಟೆಲಿನ ಟೇಪ್‌ರೆಕಾರ್ಡರಿನಿಂದ, ಮದುವೆ ಮನೆಯ ಚಪ್ಪರದ ಗಳುವಿಗೆ ಕಟ್ಟಿದ ಧ್ವನಿವರ್ಧಕದಿಂದ. ಅದೇ ಹಾಡನ್ನು ಕಣ್ಣೆದುರು ನಿಂತ ಮನುಷ್ಯನೊಬ್ಬ ಹಾಡುವುದನ್ನು ಅವರು ಕೇಳುತ್ತಿದ್ದದ್ದು ಆಮೇಲೆ, ಗಣೇಶನ ಹಬ್ಬಕ್ಕೋ ರಾಜ್ಯೋತ್ಸವಕ್ಕೋ ಊರಿನ ಯುವಕರು ಚಂದಾ ಎತ್ತಿ ಏರ್ಪಡಿಸುತ್ತಿದ್ದ ರಸಮಂಜರಿಯಲ್ಲಿ, ಅಂದರೆ ವಾದ್ಯವೃಂದವೊಂದು ಸಿನಿಮಾ ಹಾಡುಗಳನ್ನು ನಡುರಾತ್ರಿಯವರೆಗೆ ಒಂದರ ಹಿಂದೊಂದು ಹಾಡಿ ರಂಜಿಸುವ ಕಾರ್ಯಕ್ರಮದಲ್ಲಿ. ಹೀಗಾಗಿ ಮೂಲ ಮತ್ತು ನಕಲುಗಳ ಸ್ಥಾನ ಅವರ ಮನಸ್ಸಿನಲ್ಲಿ ಅದಲುಬದಲಾಗಿತ್ತು: ಮುದ್ರಿತ ಹಾಡೇ ಮೂಲ, ವೇದಿಕೆಯ ಹಾಡು ಅದರ ನಕಲು. ರಸಮಂಜರಿ ಮುಗಿದು ಚಾಪೆ ಸುತ್ತಿಕೊಂಡು ಮನೆಯತ್ತ ನಡೆಯುವಾಗ ಹೊರಡುತ್ತಿದ್ದ ತೀರ್ಪು ಹೆಚ್ಚಾಗಿ ಒಂದೇ ಬಗೆಯದು: "ಕ್ಯಾಸೆಟ್‌ನಂಗೆ ಬರ್ನಿಲ್ಲ ಕಣ್ಲಾ." ಆ ತೀರ್ಪಿನಲ್ಲಿ ನಿಜವೂ ಇತ್ತು, ಅದಕ್ಕಿಂತ ಹೆಚ್ಚಾಗಿ ಅನ್ಯಾಯವೂ ಇತ್ತು ಎಂಬುದು ಇಷ್ಟು ವರ್ಷಗಳ ಬಳಿಕ ಹಿಂದಿರುಗಿ ನೋಡುವವರಿಗೆ ತಿಳಿಯುತ್ತದೆ.

ಸ್ಟುಡಿಯೊದಲ್ಲಿ ಮೆರೆದು ವೇದಿಕೆಯಲ್ಲಿ ಮಂಕಾಗುವ ಕಂಠಗಳ ಚರ್ಚೆ ಹೆಚ್ಚಾಗಿ ನಡೆದಿರುವುದು ಪಾಶ್ಚಾತ್ಯ ರಾಕ್ ಸಂಗೀತದ ಲೋಕದಲ್ಲಿ. ವಿದ್ಯುತ್ ಗಿಟಾರು ಮತ್ತು ಡ್ರಮ್ಮುಗಳ ಅಬ್ಬರದ ಮೇಲೆ ಒಂದು ಕಂಠ ಎದ್ದು ನಿಲ್ಲಬೇಕಾದ ಸಂಗೀತ ಅದು. ಇಂಗ್ಲೆಂಡಿನ ಬೀಟಲ್ಸ್ ತಂಡ ೧೯೬೫ರಲ್ಲಿ ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಐವತ್ತೈದು ಸಾವಿರಕ್ಕೂ ಮಿಕ್ಕ ಜನರೆದುರು ಹಾಡಿದಾಗ, ಕೇಳುಗರ ಚೀರಾಟದಲ್ಲಿ ಹಾಡುಗಾರರಿಗೇ ತಮ್ಮ ದನಿ ಕೇಳಿಸುತ್ತಿರಲಿಲ್ಲ. ಹಾಡುವವರ ಕಡೆಗೆ ತಿರುಗಿಸಿ ಇಡುವ ಮಾನಿಟರ್ ಎಂಬ ಸಣ್ಣ ಧ್ವನಿವರ್ಧಕದ ರೂಢಿ ಇನ್ನೂ ಬಂದಿರಲಿಲ್ಲ. ೧೯೬೬ರ ಆಗಸ್ಟ್ ೨೯ರಂದು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಹಾಡಿದ ಮೇಲೆ ಆ ತಂಡ ಪ್ರವಾಸವನ್ನೇ ಕೈಬಿಟ್ಟು ಲಂಡನ್ನಿನ ಸ್ಟುಡಿಯೊ ಸೇರಿತು. ೧೯೬೭ರಲ್ಲಿ ಹೊರಬಂದ 'ಸಾರ್ಜೆಂಟ್ ಪೆಪ್ಪರ್ಸ್' ಧ್ವನಿಮುದ್ರಿಕೆ ನಾಲ್ಕು ಟ್ರ್ಯಾಕಿನ ಯಂತ್ರಗಳಲ್ಲಿ, ಅಂದರೆ ಒಂದೇ ಟೇಪಿನ ಮೇಲೆ ನಾಲ್ಕು ಧ್ವನಿಗಳನ್ನು ಬೇರೆಬೇರೆಯಾಗಿ ದಾಖಲಿಸಿ ಅನಂತರ ಬೆರೆಸುವ ಸಾಧನಗಳಲ್ಲಿ, ತಿಂಗಳುಗಟ್ಟಲೆ ಕಟ್ಟಿದ್ದು. ಅದನ್ನು ನಾಲ್ವರು ವೇದಿಕೆಯ ಮೇಲೆ ನಿಂತು ಹಾಡುವುದು ಆಗದ ಮಾತು. ಒಂದೇ ಕಂಠವನ್ನು ಎರಡು ಸಲ ಹಾಡಿಸಿ ಒಂದರ ಮೇಲೊಂದು ಕೂರಿಸಿದರೆ ದನಿ ದಪ್ಪವಾಗುತ್ತದೆ. ಈ ಎರಡನೆಯ ಸಲದ ಶ್ರಮವನ್ನು ಬೀಟಲ್ಸ್ ತಂಡದ ಜಾನ್ ಲೆನನ್ ಒಲ್ಲದ ಕಾರಣ ಕೆನ್ ಟೌನ್‌ಸೆಂಡ್ ಎಂಬ ತಂತ್ರಜ್ಞ ಅದೇ ೧೯೬೬ರಲ್ಲಿ ಯಂತ್ರವೇ ಆ ಕೆಲಸ ಮಾಡುವ ಉಪಾಯ ಕಂಡುಹಿಡಿದ. ಅಮೆರಿಕದ ಸ್ಟೀಲಿ ಡ್ಯಾನ್ ತಂಡ ೧೯೭೪ರಲ್ಲಿ ಪ್ರವಾಸ ನಿಲ್ಲಿಸಿ, ಸುಮಾರು ಎರಡು ದಶಕ ವೇದಿಕೆಯ ಪ್ರವಾಸಕ್ಕೆ ಮರಳಲೇ ಇಲ್ಲ. ಇವರಿಗೆಲ್ಲ ವೇದಿಕೆಯನ್ನು ನಿರಾಕರಿಸುವ ಅನುಕೂಲವಿತ್ತು. ಕಾವೇರಿ, ಲಕ್ಷ್ಮಣತೀರ್ಥಗಳ ಬಯಲಿನ ಊರುಗಳಿಗೆ ಬರುತ್ತಿದ್ದ ಆರ್ಕೆಸ್ಟ್ರಾಗಳಿಗೆ ಅದಿರಲಿಲ್ಲ ಎಂಬುದೇ ಈ ಬರಹದ ಮುಖ್ಯ ವಿಷಯ.

ಆ ಆರ್ಕೆಸ್ಟ್ರಾಗಳು ಅನುಕರಿಸಬೇಕಾಗಿದ್ದ ಕಂಠಗಳು ಹುಟ್ಟಿದ ಬಗೆಯನ್ನು ಮೊದಲು ಗಮನಿಸಬೇಕು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ೧೯೩೪ರಲ್ಲಿ ಬಂದಾಗ ನಟರು ಕ್ಯಾಮೆರಾದ ಮುಂದೆ ತಾವೇ ಹಾಡುತ್ತಿದ್ದರು. ಅದರ ನಾಯಕ ಎಂ.ವಿ. ಸುಬ್ಬಯ್ಯನಾಯ್ಡು ಅವರು ನಾಟಕ ಕಂಪನಿಯಿಂದ ಬಂದವರಾದ್ದರಿಂದ ಅವರದು ವೇದಿಕೆಯ ಕಂಠವೇ. ಹಿನ್ನೆಲೆ ಗಾಯನ, ಅಂದರೆ ತೆರೆಯ ಮೇಲೆ ಕಾಣದವರು ಹಾಡಿ ನಟರು ತುಟಿ ಆಡಿಸುವ ಪದ್ಧತಿ, ಬಂದ ಮೇಲೆ ಹಾಡು ಮದರಾಸಿನ ಸ್ಟುಡಿಯೊಗಳ ಒಳಗೆ ಹೋಯಿತು. ಗಾಳಿ, ಜನ, ದೂರ ಯಾವುದೂ ಇಲ್ಲದ ಆ ಕೋಣೆಯಲ್ಲಿ ಮೈಕಿಗೆ ಒಂದು ಗೇಣು ದೂರದಲ್ಲಿ ನಿಂತು ಹಾಡುವವರಿಗೆ ಕೂಗುವ ಅಗತ್ಯವೇ ಬೀಳಲಿಲ್ಲ. ಈ ಹೊಸ ಬಗೆಯ ಹಾಡಿಕೆಗೆ ಕನ್ನಡದಲ್ಲಿ ಪಿ.ಬಿ. ಶ್ರೀನಿವಾಸ್ ಅವರಿಗಿಂತ ಶುದ್ಧವಾದ ಉದಾಹರಣೆ ಸಿಗುವುದಿಲ್ಲ. ೧೯೬೦ರ ದಶಕದುದ್ದಕ್ಕೂ ರಾಜ್‌ಕುಮಾರ್ ಅವರಿಗೆ ತೆರೆಯ ಮೇಲೆ ದನಿಯಾಗಿದ್ದ ಅವರ ಕಂಠದ ಬೆಲೆ ಇರುವುದು ಎತ್ತರದ ಸ್ವರದಲ್ಲಲ್ಲ, ಮಂದ್ರದಲ್ಲಿ, ಪದದ ಕೊನೆಗೆ ಸೋರುವ ಉಸಿರಿನಲ್ಲಿ, ಕಿವಿಯ ಪಕ್ಕದಲ್ಲೇ ಯಾರೋ ಹೇಳಿದಂತಿರುವ ಸಲಿಗೆಯಲ್ಲಿ. ಒಂದು ದಿಕ್ಕಿನ ಧ್ವನಿಯನ್ನಷ್ಟೇ ಹಿಡಿಯುವ ಮೈಕಿನ ಹತ್ತಿರಕ್ಕೆ ಹೋದಷ್ಟೂ ಅದು ದನಿಯ ತಗ್ಗಿನ ಭಾಗವನ್ನು ಹಿಗ್ಗಿಸಿ ಕೊಡುತ್ತದೆಂಬುದು ಭೌತಶಾಸ್ತ್ರದ ಸಂಗತಿ. ಇಂಥ ಕಂಠವೂ ಮೈಕೂ ಸೇರಿ ಒಂದೇ ವಾದ್ಯವಾಗುತ್ತವೆ.

ಅಂದಿನ ಮುದ್ರಣವೂ ಒಂದು ಬಗೆಯ ಕಚೇರಿಯೇ ಆಗಿತ್ತೆಂಬುದನ್ನು ಮರೆಯಬಾರದು. ಗಾಯಕರೂ ವಾದ್ಯದವರೂ ಒಟ್ಟಿಗೆ ಕುಳಿತು ಹಾಡನ್ನು ಮೊದಲಿಂದ ಕೊನೆಯವರೆಗೆ ಒಂದೇ ಓಟದಲ್ಲಿ ಮುಗಿಸಬೇಕಿತ್ತು, ಒಬ್ಬ ಪಿಟೀಲಿನವನು ತಪ್ಪಿದರೂ ಎಲ್ಲರೂ ಮತ್ತೆ ಶುರು ಮಾಡಬೇಕಿತ್ತು. ಆದ್ದರಿಂದ ಆ ತಲೆಮಾರಿನ ಹಿನ್ನೆಲೆ ಗಾಯಕರಿಗೆ 'ಸ್ಟುಡಿಯೊ ಬಲದಿಂದ ಹಾಡುವವರು' ಎಂಬ ಕುಹಕ ಸಲ್ಲದು.

ಇನ್ನು ಆ ಕಂಠ ಹೊಸ ಅಗ್ರಹಾರದಂಥ ಊರಿನ ಬಯಲಿಗೆ ಬಂದರೆ ಏನಾಗುತ್ತಿತ್ತು? ಮೈಕ್‌ಸೆಟ್ಟಿನವರು ತರುತ್ತಿದ್ದದ್ದು ಒಂದು ಅಹುಜಾ ಆಂಪ್ಲಿಫೈಯರು, ಎರಡು ಮೈಕು ಮತ್ತು ಕಂಬಕ್ಕೋ ಮರಕ್ಕೋ ಕಟ್ಟುವ ತಗಡಿನ ಹಾರನ್‌ಗಳು. ಹಾರನ್ ಎಂಬುದು ಮಾತು ದೂರ ಹೋಗಲೆಂದು ಮಾಡಿದ ಸಾಧನ. ದನಿಯ ನಡುವಿನ ಭಾಗವನ್ನು ಅದು ಚೂಪಾಗಿ ಎಸೆಯುತ್ತದೆ, ತಗ್ಗಿನ ಭಾಗವನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಗಂಡಸಿನ ಮಂದ್ರ ಸ್ವರದ ಮೈಕಟ್ಟೆಲ್ಲ ಇರುವುದು ಹಾರನ್ ಒಯ್ಯಲಾರದ ಆ ತಗ್ಗಿನಲ್ಲಿಯೇ. ಹೀಗಾಗಿ ಪಿ.ಬಿ. ಶ್ರೀನಿವಾಸ್ ಅವರ ಹಾಡನ್ನು ಆರಿಸಿಕೊಂಡ ಸ್ಥಳೀಯ ಗಾಯಕ ಎಷ್ಟೇ ಶ್ರುತಿಬದ್ಧನಾಗಿ ಹಾಡಲಿ, ಜನರನ್ನು ತಲುಪುತ್ತಿದ್ದದ್ದು ಹಾಡಿನ ಎಲುಬು ಮಾತ್ರ. ಇದರ ಜೊತೆಗೆ ಶಬ್ದದ ನಡಿಗೆಯ ತೊಡಕೊಂದಿತ್ತು. ಶಬ್ದ ಸೆಕೆಂಡಿಗೆ ಸುಮಾರು ೩೪೦ ಮೀಟರು ಹೋಗುತ್ತದೆ. ನೂರು ಮೀಟರು ಆಚೆಯ ಕಂಬದ ಹಾರನ್ನಿನಿಂದ ತನ್ನದೇ ದನಿ ಹಾಡುವವನ ಕಿವಿಗೆ ಹಿಂದಿರುಗುವಾಗ ಸೆಕೆಂಡಿನ ಮೂರನೆಯ ಒಂದು ಪಾಲಿನಷ್ಟು ತಡವಾಗಿರುತ್ತದೆ. ವೇದಿಕೆಯ ಮೇಲೆ ಮಾನಿಟರ್ ಇಲ್ಲದ ಗಾಯಕ ಆ ತಡವಾದ ದನಿಯನ್ನೇ ನೆಚ್ಚಿದರೆ ತಾಳ ಜಾರುತ್ತದೆ, ನೆಚ್ಚದಿದ್ದರೆ ಶ್ರುತಿ ಜಾರುತ್ತದೆ. ಶೇ ಕ್ರೀಡಾಂಗಣದಲ್ಲಿ ಬೀಟಲ್ಸ್ ಅನುಭವಿಸಿದ ಕಷ್ಟವನ್ನೇ ಹುಣಸೂರು ಸೀಮೆಯ ಗಾಯಕರು ಎರಡು ದಶಕಗಳ ನಂತರ, ಚೀರುವ ಜನರಿಲ್ಲದೆಯೂ, ಅನುಭವಿಸುತ್ತಿದ್ದರು.

ಕ್ಯಾಸೆಟ್ಟಿನ ಪರವಾಗಿ ತೀರ್ಪು ಕೊಡುತ್ತಿದ್ದ ಕೇಳುಗರು ಆ ಕ್ಯಾಸೆಟ್ಟನ್ನು ಕೇಳುತ್ತಿದ್ದ ಸ್ಥಿತಿಯೂ ಅಷ್ಟಕ್ಕಷ್ಟೇ. ಸೆಲ್ಲು ಇಳಿದ ಟೇಪ್‌ರೆಕಾರ್ಡರಿನಲ್ಲಿ ಸುರುಳಿ ನಿಧಾನವಾಗಿ ತಿರುಗಿ ಹಾಡಿನ ಶ್ರುತಿ ಅರ್ಧ ಮನೆ ಕೆಳಗಿಳಿಯುತ್ತಿತ್ತು, ಎಸ್. ಜಾನಕಿ ಅವರ ಕಂಠವೂ ಗಂಡುದನಿಯತ್ತ ವಾಲುತ್ತಿತ್ತು. ಆದರೂ ಅದೇ ಸರಿಯಾದ ಹಾಡೆಂಬ ನಂಬಿಕೆ ಕದಲಲಿಲ್ಲ. ಹಾಡಿನ ಅಳತೆಗೋಲು ಕಿವಿಯಲ್ಲಿರದೆ ಅಭ್ಯಾಸದಲ್ಲಿರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ರಾಜ್‌ಕುಮಾರ್ ಅವರ ಸ್ವಂತ ಕಂಠದ ಕಥೆ ಇದಕ್ಕೆ ನೇರ ಎದುರಿನದು. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಬೆನ್ನಿಗೆ ಗುಬ್ಬಿ ವೀರಣ್ಣನವರ ಕಂಪನಿ ಸೇರಿ ಬೆಳೆದ ಅವರದು ಡೇರೆಯ ಕಟ್ಟಕಡೆಯ ಸಾಲಿಗೆ ಮುಟ್ಟಬೇಕಾದ ಕಂಠ. ಚಿತ್ರಗಳಲ್ಲಿ ಅಲ್ಲೊಂದು ಇಲ್ಲೊಂದು ಹಾಡಿದ್ದರೂ, ೧೯೭೪ರ 'ಸಂಪತ್ತಿಗೆ ಸವಾಲ್' ಚಿತ್ರದಲ್ಲಿ ಜಿ.ಕೆ. ವೆಂಕಟೇಶ್ ಅವರ ಸಂಗೀತಕ್ಕೆ ಎಮ್ಮೆಯ ಮೇಲೆ ಕುಳಿತು ಹಾಡಿದ ಮೇಲೆ ಅವರು ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. ೧೯೯೨ರ 'ಜೀವನ ಚೈತ್ರ'ದ ಹಾಡಿಕೆಗೆ ರಾಷ್ಟ್ರಪ್ರಶಸ್ತಿಯೂ ಬಂತು. ವೇದಿಕೆಯಿಂದ ಸ್ಟುಡಿಯೊಗೆ ಹೋದ ಈ ದನಿ ಮರಳಿ ವೇದಿಕೆಗೆ ಬರುವಾಗ ಏನನ್ನೂ ಕಳೆದುಕೊಳ್ಳಬೇಕಾಗಿರಲಿಲ್ಲ. ಊರೂರಿನ ಆರ್ಕೆಸ್ಟ್ರಾಗಳಲ್ಲಿ 'ಜೂನಿಯರ್ ರಾಜ್‌ಕುಮಾರ್' ಎನಿಸಿಕೊಂಡವರು ಅಷ್ಟೊಂದು ಜನ ಇದ್ದುದಕ್ಕೂ ಪಿ.ಬಿ. ಶ್ರೀನಿವಾಸ್ ಅವರನ್ನು ಚೆನ್ನಾಗಿ ಅನುಕರಿಸುವವರು ಅಪರೂಪವಾಗಿದ್ದುದಕ್ಕೂ ಅಭಿಮಾನವೊಂದೇ ಕಾರಣವಲ್ಲ. ರಾಜ್ ಕಂಠ ಹಾರನ್ನಿಗೆ ಒಗ್ಗುತ್ತಿತ್ತು. ನಡು ಹಾಡಿನಲ್ಲಿ ಕರೆಂಟು ಹೋದ ರಾತ್ರಿಗಳಲ್ಲಿ ಈ ವ್ಯತ್ಯಾಸ ಬಯಲಾಗುತ್ತಿತ್ತು. ಮೈಕಿನ ಹಾಡುಗಾರರು ನಿಂತುಬಿಡುತ್ತಿದ್ದರು, ಭಜನೆಯಲ್ಲೋ ಪೌರಾಣಿಕ ನಾಟಕದಲ್ಲೋ ಪಳಗಿದವರು ಮಾತ್ರ ತಬಲಾದವನ ಕಡೆ ಒಮ್ಮೆ ನೋಡಿ ಪಲ್ಲವಿಯನ್ನು ಬರಿಗಂಟಲಲ್ಲಿ ಮುಂದುವರಿಸುತ್ತಿದ್ದರು, ಆಗ ಮುಂದಿನ ಸಾಲಿನ ಮಕ್ಕಳು ಮೊದಲ ಸಲ ಹಾಡು ಬಾಯಿಂದ ಬರುವುದನ್ನು ಕಾಣುತ್ತಿದ್ದರು.

೧೯೮೦ರ ದಶಕದಲ್ಲಿ ಶಂಕರ್‌ನಾಗ್ ಮತ್ತು ಅನಂತನಾಗ್ ಸೋದರರು ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೊ ಕಟ್ಟಿದ ಹೊತ್ತಿಗೆ ಧ್ವನಿಮುದ್ರಣದ ರೀತಿಯೇ ಬದಲಾಗಿತ್ತು. ಬಹು ಟ್ರ್ಯಾಕಿನ ಯಂತ್ರಗಳು ಬಂದು, ತಾಳ ಒಂದು ದಿನ, ತಂತಿವಾದ್ಯ ಇನ್ನೊಂದು ದಿನ, ಕಂಠ ಮತ್ತೊಂದು ದಿನ ಎಂಬಂತೆ ಹಾಡು ತುಂಡುತುಂಡಾಗಿ ಸಿದ್ಧವಾಗತೊಡಗಿತು. ಒಂದು ಸಾಲು ತಪ್ಪಿದರೆ ಆ ಸಾಲನ್ನಷ್ಟೇ ಮತ್ತೆ ಹಾಡಿಸಿ ಸೇರಿಸಬಹುದಾಯಿತು. ಕಂಪ್ರೆಸರ್ ಎಂಬ ಸಾಧನ ಜೋರುದನಿಯನ್ನು ತಗ್ಗಿಸಿ ಪಿಸುದನಿಯನ್ನು ಮೇಲೆತ್ತಿ ಎರಡನ್ನೂ ಒಂದೇ ಮಟ್ಟಕ್ಕೆ ತರುತ್ತಿತ್ತು. ೧೯೮೭ರಲ್ಲಿ ಹಂಸಲೇಖ ಅವರ ಸಂಗೀತದ 'ಪ್ರೇಮಲೋಕ' ಚಿತ್ರದ ಹಾಡುಗಳು ಲಹರಿ ಕಂಪನಿಯ ಕ್ಯಾಸೆಟ್ಟಿನಲ್ಲಿ ಬಂದಾಗ, ಪಾಪ್ ಮತ್ತು ರಾಕ್ ಧಾಟಿಯ ಹಾಡು ಕೆ.ಆರ್. ನಗರ, ಪಿರಿಯಾಪಟ್ಟಣಗಳ ಬಸ್‌ಸ್ಟ್ಯಾಂಡಿನವರೆಗೆ ಕನ್ನಡದಲ್ಲೇ ಬಂದು ಮುಟ್ಟಿತು. ಮುಂದಿನ ಗಣೇಶನ ಹಬ್ಬಕ್ಕೆ ಊರಿನವರು ಕೇಳಿದ್ದು ಅದನ್ನೇ.

ಆ ಬೇಡಿಕೆಯನ್ನು ಪೂರೈಸಬೇಕಾದ ತಂಡದಲ್ಲಿ ಇರುತ್ತಿದ್ದದ್ದು ಒಂದು ಕೀಬೋರ್ಡು, ಒಂದು ಗಿಟಾರು, ತಬಲಾ, ಢೋಲಕ್, ಅನುಕೂಲವಿದ್ದರೆ ಡ್ರಮ್ ಸೆಟ್ಟು ಅಥವಾ ರಿದಂ ಪ್ಯಾಡು, ಇಬ್ಬರು ಗಂಡು ಗಾಯಕರು, ಒಬ್ಬ ಗಾಯಕಿ. ಪಿಟೀಲು ತಂಡದ ಅಲೆಯನ್ನೂ, ಕೊಳಲನ್ನೂ, ಕೋರಸ್ಸನ್ನೂ ಕೀಬೋರ್ಡಿನವನೇ ಎರಡು ಕೈಯಲ್ಲಿ ತೋರಿಸಬೇಕಿತ್ತು. ಸ್ವರಲಿಪಿ ದೊರೆಯುತ್ತಿರಲಿಲ್ಲವಾದ್ದರಿಂದ ಅವರು ಕ್ಯಾಸೆಟ್ಟನ್ನು ಮುಂದೆ ಓಡಿಸಿ, ಹಿಂದೆ ಸುತ್ತಿ, ಟೇಪು ಸವೆಯುವವರೆಗೆ ಕೇಳಿ ಹಾಡು ಕಲಿಯುತ್ತಿದ್ದರು. ಟಾಕೀಸಿನ ಮುಂದೆ ಮಾರುತ್ತಿದ್ದ ಹಾಡಿನ ಪುಸ್ತಕದಿಂದ ಸಾಹಿತ್ಯವನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದರು. ಎಸ್.ಪಿ. ಬಾಲಸುಬ್ರಹ್ಮಣ್ಯಂ, ಜಾನಕಿ, ಯೇಸುದಾಸ್ ಮೂವರ ದನಿಗಳನ್ನು ಒಂದೇ ರಾತ್ರಿ ಮೂರು ಸಾಧಾರಣ ಗಂಟಲುಗಳು ಹೊರಬೇಕಿತ್ತು. ಎಲ್ಲಿಯೂ ಒಂದೇ ಉಸಿರಿನಲ್ಲಿ ಹಾಡಿರದ, ತುಂಡುಗಳಿಂದ ಜೋಡಿಸಿದ ಹಾಡನ್ನು ಇವರು ಒಂದೇ ಉಸಿರಿನಲ್ಲಿ ಹಾಡಬೇಕಿತ್ತು. ಬೀಟಲ್ಸ್ ಒಲ್ಲೆವೆಂದ ಕೆಲಸವನ್ನು ಈ ತಂಡಗಳು ರಾತ್ರಿಯೂಟ ಮತ್ತು ಸಣ್ಣ ಸಂಭಾವನೆಗೆ ಒಪ್ಪಿಕೊಂಡು ಮಾಡುತ್ತಿದ್ದವು. ಕೇಳುಗರು ಅವರನ್ನು ಅಳೆದದ್ದು ಯಾವ ಮನುಷ್ಯನೂ ಮುಟ್ಟಲಾರದ ಅಳತೆಯಿಂದ. ಸಾಲದ್ದಕ್ಕೆ ಮೈಕ್‌ಸೆಟ್ಟಿನವರು ಕಂಠದ ಬಡತನ ಮುಚ್ಚಲೆಂದು ಎಕೋ ಪೆಟ್ಟಿಗೆಯ, ಅಂದರೆ ದನಿಯನ್ನು ಮತ್ತೆಮತ್ತೆ ಮರುಕಳಿಸುವ ಸಾಧನದ, ಗುಂಡಿಯನ್ನು ಧಾರಾಳವಾಗಿ ತಿರುಗಿಸಿಬಿಡುತ್ತಿದ್ದರು. ಎಚ್.ಡಿ. ಕೋಟೆ ಕಡೆಯ ಒಂದು ರಸಮಂಜರಿಯಲ್ಲಿ ಆ ಗುಂಡಿ ಸಿಕ್ಕಿಹಾಕಿಕೊಂಡು, ಸ್ವಾಗತ ಭಾಷಣದಿಂದ ವಂದನಾರ್ಪಣೆಯವರೆಗೆ ಎಲ್ಲವೂ ಬಾವಿಯೊಳಗಿಂದ ಬಂದಂತೆ ಕೇಳಿಸಿತೆಂದು ಆ ಕಾಲದವರು ಈಗಲೂ ನಗುತ್ತಾರೆ.

ಇಲ್ಲೊಂದು ವಿನೋದವೂ ಇದೆ. ಈ ತಂಡಗಳ ಗಂಡು ಗಾಯಕರು ಕಾರ್ಯಕ್ರಮವನ್ನು ಏರಿಸಲು ನೆಚ್ಚುತ್ತಿದ್ದ ಹಾಡುಗಳಲ್ಲಿ ೧೯೮೧ರ 'ಗೀತಾ' ಚಿತ್ರದ 'ಸಂತೋಷಕ್ಕೆ' ಮುಖ್ಯವಾದದ್ದು. ಇಳಯರಾಜ ಸಂಗೀತದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಡಿದ ಅದು, ಶಂಕರ್‌ನಾಗ್ ತೆರೆಯ ಮೇಲೆ ಕುಣಿದದ್ದರಿಂದ, ಕನ್ನಡಿಗರ ಮನಸ್ಸಿನಲ್ಲಿ ವೇದಿಕೆಯ ಹಾಡೆಂದೇ ನಿಂತಿದೆ. ಕನ್ನಡದ ಅತಿ ಪ್ರಸಿದ್ಧ ವೇದಿಕೆ ಹಾಡು ಹುಟ್ಟಿದ್ದು ಕೇಳುಗರಿಲ್ಲದ ಮುಚ್ಚಿದ ಕೋಣೆಯಲ್ಲಿ. ಅದಕ್ಕೆ ನಿಜವಾದ ವೇದಿಕೆಯನ್ನು ಒದಗಿಸಿದವರು ಊರೂರಿನ ಈ ಹೆಸರಿಲ್ಲದ ತಂಡಗಳು.

ಸುಗಮ ಸಂಗೀತದ, ಅಂದರೆ ಕವಿತೆಯನ್ನು ರಾಗಕ್ಕೆ ಕೂಡಿಸಿ ಹಾಡುವ ಪ್ರಕಾರದ, ಕ್ಯಾಸೆಟ್ಟುಗಳು ಇದೇ ಸೀಮೆಯ ಮೇಷ್ಟರುಗಳ ಮನೆಗಳಲ್ಲಿ ಹೆಚ್ಚಾಗಿದ್ದವು. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ೧೯೭೮ರಲ್ಲಿ ಬಂದು ಭಾವಗೀತೆಗಳ ಕ್ಯಾಸೆಟ್ ಯುಗಕ್ಕೆ ದಾರಿ ಮಾಡಿತು. ಅನಂತಸ್ವಾಮಿಯವರದು ಮನೆಯೊಳಗಿನ ಮಾತಿನ ಅಳತೆಯ ಹಾಡಿಕೆ. ಹಾರ್ಮೋನಿಯಂ ಮುಂದಿಟ್ಟುಕೊಂಡು ಹತ್ತಿರ ಕುಳಿತವರಿಗೆ ಹಾಡುವ ಆ ರೀತಿಗೆ ಕ್ಯಾಸೆಟ್ಟು ಒಗ್ಗಿತು, ಸಾವಿರಾರು ಜನರ ಬಯಲು ಅಷ್ಟು ಒಗ್ಗಲಿಲ್ಲ. ಇದೇ ಪ್ರಕಾರದ ಇನ್ನೊಬ್ಬ ಗಾಯಕ ಸಿ. ಅಶ್ವತ್ಥ್ ಅವರ ಪ್ರಕೃತಿಯೇ ಬೇರೆ. ಎಚ್.ಡಿ. ಕೋಟೆಯ ಕಾಡಿನ ಹೆಸರನ್ನು ಹೊತ್ತ ಮಾಸ್ತಿಯವರ 'ಕಾಕನಕೋಟೆ' ನಾಟಕ ಸಿ.ಆರ್. ಸಿಂಹ ಅವರ ನಿರ್ದೇಶನದಲ್ಲಿ ೧೯೭೭ರಲ್ಲಿ ಚಿತ್ರವಾದಾಗ ಅದಕ್ಕೆ ಸಂಗೀತ ಕೊಟ್ಟು ಚಿತ್ರರಂಗ ಪ್ರವೇಶಿಸಿದ ಅವರ ಕಂಠ ಸ್ಟುಡಿಯೊದಲ್ಲಿ ದನಿಯ ಮಟ್ಟ ತೋರಿಸುವ ಸೂಜಿಯನ್ನು ಕೆಂಪು ಗೆರೆ ದಾಟಿಸುವಂಥದ್ದು. ಕ್ಯಾಸೆಟ್ಟಿನಲ್ಲಿ ಅವರು ಹಾಡಿದ ಸಂತಕವಿ ಶರೀಫರ ಹಾಡು ಚೆನ್ನಾಗಿಯೇ ಇದೆ. ಆದರೆ ಅದನ್ನೇ ವೇದಿಕೆಯಲ್ಲಿ ಕೇಳಿದವರಿಗೆ ಕ್ಯಾಸೆಟ್ಟು ಹಾಡಿನ ಪಟದಂತೆ ಕಾಣುತ್ತಿತ್ತು. ೨೦೦೫ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ಅವರ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಸೇರಿದ್ದ ಜನಸಾಗರ, ಭಾವಗೀತೆ ಬಯಲಿಗೆ ಬರಬಲ್ಲದೆಂಬುದನ್ನು ತೋರಿಸಿತು. ಅದು ಪ್ರಕಾರದ ಗೆಲುವೋ ಅಶ್ವತ್ಥರ ಗಂಟಲಿನ ಗೆಲುವೋ ಎಂದರೆ ಎರಡನೆಯದೇ ಹೆಚ್ಚು ಎನ್ನಬೇಕಾಗುತ್ತದೆ.

ಇದೇ ಕೆ.ಆರ್. ನಗರ ತಾಲ್ಲೂಕಿನ ಕಪ್ಪಡಿಯಲ್ಲಿ, ಕಾವೇರಿಯ ದಡದಲ್ಲಿ, ಸಂತ ಮಂಟೇಸ್ವಾಮಿಯ ಪರಂಪರೆಗೆ ಸೇರಿದ ರಾಚಪ್ಪಾಜಿ ಮತ್ತು ಚನ್ನಾಜಮ್ಮನವರ ಗದ್ದುಗೆಗಳಿವೆ. ಶಿವರಾತ್ರಿಯಿಂದ ಆಚೆಗೆ ಅಲ್ಲಿ ನಡೆಯುವ ಜಾತ್ರೆಯಲ್ಲಿ ನೀಲಗಾರರು, ಅಂದರೆ ಆ ಪರಂಪರೆಗೆ ದೀಕ್ಷೆ ಪಡೆದ ಗಾಯಕರು, ತಂಬೂರಿ, ಗಗ್ಗರ, ತಾಳಗಳನ್ನು ಹಿಡಿದು ಇರುಳಿಡೀ ಕಾವ್ಯ ಹಾಡುತ್ತಾರೆ. ಇವರ ಮಟ್ಟಿಗೆ ಪ್ರಶ್ನೆಯೇ ತಿರುಗಿ ನಿಲ್ಲುತ್ತದೆ. ಮಳವಳ್ಳಿ ಮಹದೇವಸ್ವಾಮಿಯವರಂಥ ಗಾಯಕರು ಜನಪದ ಕಥೆಗಳನ್ನು ಕ್ಯಾಸೆಟ್ಟಿಗೆ ಹಾಡಿ ಹಳೆ ಮೈಸೂರಿನ ಮನೆಮನೆಗೆ ಮುಟ್ಟಿಸಿದರು, ಅದು ದೊಡ್ಡ ಉಪಕಾರವೇ. ಆದರೆ ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಸಾಮಾನ್ಯವಾಗಿ ಮೂವತ್ತು ನಿಮಿಷ, ಇಲ್ಲವೇ ನಲವತ್ತೈದು. ಇರುಳಿನ ಕಥೆ ಆ ಅಳತೆಗೆ ಮುರಿಯಿತು. ಹಾಡುವಾತ ಸೊಲ್ಲನ್ನು ಎಳೆದು ಕಥೆ ನಿಲ್ಲಿಸಿ, ಎದುರು ಕೂತವರ ನಿದ್ದೆಯನ್ನು ಚೇಷ್ಟೆಯಿಂದ ಓಡಿಸಿ, ಹರಕೆ ಹೊತ್ತವರ ಹೆಸರನ್ನು ನಡುವೆ ಸೇರಿಸಿ, ಹಿಮ್ಮೇಳದವರು ಹೂಂಗುಟ್ಟುವಂತೆ ಮಾಡುವ ಭಾಗಗಳೆಲ್ಲ ಸ್ಟುಡಿಯೊದ ಬಾಗಿಲಲ್ಲೇ ಉಳಿದವು. ನೀಲಗಾರನ ಕಂಠವನ್ನು ಬರಿಯ ಕಂಠವೆಂದು ಬಿಡಿಸಿ ಕೇಳಿದರೆ ಅದು ಒರಟು, ಕೆಲವೊಮ್ಮೆ ಒಡಕು; ಕಪ್ಪಡಿಯ ಬಯಲಿನಲ್ಲಿ ಆ ಒಡಕಿಗೇ ಅಧಿಕಾರವಿದೆ. "ಕ್ಯಾಸೆಟ್‌ನಂಗೆ ಬರ್ನಿಲ್ಲ" ಎಂದು ಆರ್ಕೆಸ್ಟ್ರಾದವರನ್ನು ಹೀಗಳೆಯುತ್ತಿದ್ದ ಅದೇ ಜನ ಜಾತ್ರೆಯಲ್ಲಿ ಕುಳಿತು, ಮನೆಯಲ್ಲಿದ್ದ ಕ್ಯಾಸೆಟ್ಟಿನ ನೆನಪನ್ನೂ ತೆಗೆಯುತ್ತಿರಲಿಲ್ಲ.

ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ೨೦೦೮ರಲ್ಲಿ ತಮ್ಮ ಮೊದಲ ಧ್ವನಿಮುದ್ರಿಕೆ ತಂದು ಶರೀಫರ ಪದಗಳನ್ನು ಗಿಟಾರಿಗೂ ಡ್ರಮ್ಮಿಗೂ ಏರಿಸಿದಾಗ ಸ್ಟುಡಿಯೊ ಮತ್ತು ಬಯಲು ಎಂಬ ಈ ಎರಡು ದಾರಿಗಳು ಸ್ವಲ್ಪ ಹತ್ತಿರ ಬಂದವು. ಅವರದು ರಾಕ್‌ನ ಸಲಕರಣೆಗಳಿರುವ ತಂಡ. ಆದರೆ ಅದರ ಬಲ ಸ್ಟುಡಿಯೊದಲ್ಲಿಲ್ಲ, ಜನರನ್ನು ಎಬ್ಬಿಸಿ ಪಲ್ಲವಿ ಹೇಳಿಸುವುದರಲ್ಲಿದೆ. ರಾಕ್ ಗಾಯಕರೆಂದರೆ ಸ್ಟುಡಿಯೊದ ಕೂಸುಗಳೆಂಬ ಮಾತಿಗೆ ಮೈಸೂರು ಸೀಮೆಯಿಂದಲೇ ಹುಟ್ಟಿದ ಉತ್ತರವದು.

ಅಷ್ಟರಲ್ಲಿ ಯಂತ್ರಗಳು ಇನ್ನೂ ಮುಂದೆ ಹೋಗಿದ್ದವು. ತಪ್ಪಿದ ಶ್ರುತಿಯನ್ನು ತಾನೇ ಹತ್ತಿರದ ಸ್ವರಕ್ಕೆ ಎಳೆದು ಕೂರಿಸುವ ಆಟೊಟ್ಯೂನ್ ಎಂಬ ತಂತ್ರಾಂಶ ೧೯೯೭ರಲ್ಲಿ ಅಮೆರಿಕದಲ್ಲಿ ಬಂದು, ಮುಂದೆ ಎಲ್ಲ ಭಾಷೆಯ ಸ್ಟುಡಿಯೊಗಳಿಗೂ ಹಬ್ಬಿತು. ಊರಿನ ರಸಮಂಜರಿಗಳಲ್ಲಿ ವಾದ್ಯದವರ ಸಂಖ್ಯೆ ಇಳಿಯುತ್ತ ಬಂದು, ಈಗ ಅನೇಕ ಕಡೆ ಒಬ್ಬ ಗಾಯಕ, ಒಬ್ಬ ಗಾಯಕಿ, ಫೋನಿಗೆ ಜೋಡಿಸಿದ ದೊಡ್ಡ ಬಾಕ್ಸುಗಳು ಇಷ್ಟೇ ಉಳಿದಿವೆ. ಕರೋಕೆ, ಅಂದರೆ ಹಾಡಿನಿಂದ ಕಂಠವನ್ನು ಮಾತ್ರ ತೆಗೆದು ಉಳಿಸಿದ ವಾದ್ಯಭಾಗ, ಕ್ಯಾಸೆಟ್ಟಿನಲ್ಲಿದ್ದಂತೆಯೇ ಬರುತ್ತದೆ. ಪಿಟೀಲುಗಳ ಅಲೆ, ಕೊಳಲು, ಕೋರಸ್ಸು ಯಾವುದಕ್ಕೂ ಕೊರತೆಯಿಲ್ಲ. ಹಿಂದಿನ ಕೀಬೋರ್ಡಿನವನು ಗಾಯಕಿಯ ಗಂಟಲು ಕಟ್ಟಿದ್ದನ್ನು ಮೊದಲ ಸಾಲಿನಲ್ಲೇ ಕಂಡು ಒಂದು ಮನೆ ಕೆಳಗಿಳಿಸಿ ನುಡಿಸುತ್ತಿದ್ದ, ಸಾಹಿತ್ಯ ಮರೆತವನಿಗೆ ಇನ್ನೊಂದು ಸುತ್ತು ವಾದ್ಯ ಬಾರಿಸಿ ಸಮಯ ಕೊಡುತ್ತಿದ್ದ, ಜನ ಕುಣಿಯತೊಡಗಿದರೆ ಚರಣವನ್ನು ಸುಳಿವೇ ಸಿಗದಂತೆ ಹಿಂದಕ್ಕೆ ತರುತ್ತಿದ್ದ. ಈಗಿನ ಟ್ರ್ಯಾಕು ಯಾರಿಗೂ ಕಾಯುವುದಿಲ್ಲ. 'ಒನ್ಸ್ ಮೋರ್' ಎಂಬ ಕೂಗು ಬಂದರೆ ಫೋನಿನ ಮುಂದೆ ಕೂತ ಹುಡುಗ ಹಾಡನ್ನು ಮೊದಲಿಂದ ಹಚ್ಚುತ್ತಾನೆ.